ಕೇಸರಿಯ ಎಸಳು – ಕಂತು ೯: ಬೇಡವೆನ್ನದೆ ಎತ್ತಿಕೊಂಡ ಚಹಾ

"ಒಂದೇ ಸಲಕ್ಕೆ ತಗೊಂಡ್ರಾ?"

ಪತ್ತೇದಾರಿ ಪೊಲೀಸಿನ ಬಹಮನ್ ಖಾವರಿ ಇದನ್ನು ಎಷ್ಟು ಮೆಲ್ಲಗೆ ಕೇಳಿದನೆಂದರೆ, ಮೇಜಿನಾಚೆ ಕುಳಿತಿದ್ದ ಕಾಮ್‌ಯಾರ್ ಅತಾಬಕಿಗೆ ಅದೊಂದು ಪ್ರಶ್ನೆ ಎಂದೇ ಅನ್ನಿಸಲಿಲ್ಲ.

"ಹೂಂ, ತಗೊಂಡ್ರು. ಚಹಾ ತಾನೇ ಜನಾಬ್."

"ನೀವು 'ತಗೊಳ್ಳಿ ಡಾಕ್ಟರಮ್ಮ' ಅಂದ್ರಿ. ಅವರು ಕೈ ಹಾಕಿ ತಗೊಂಡ್ರು. ಮಧ್ಯೆ ಮಾತಿಲ್ಲ ಕತೆಯಿಲ್ಲ."

"ಏನ್ ಮಾತಿರುತ್ತೆ?"

"'ಅಯ್ಯೋ, ನೀವು ಅತಿಥಿಗಳು, ನೀವು ಮೊದಲು.' 'ಛೇ ಛೇ, ನೀವಿರೋವಾಗ ನಾನಾ?' ಇಂಥದ್ದು."

ಕಾಮ್‌ಯಾರ್ ಮೇಜಿನ ಮೇಲಿದ್ದ ತನ್ನ ಫೋನನ್ನು ಹತ್ತಿರಕ್ಕೆ ಎಳೆದುಕೊಂಡ.

ಮಶ್‌ಹದ್ ಊರಿನಲ್ಲಿ ಹುಟ್ಟಿದ ಹಸುಗೂಸು ಕೂಡ ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ಹಾಲು ಕುಡಿಯುತ್ತದೆ. ಟ್ಯಾಕ್ಸಿಯವನು ಬಾಡಿಗೆಯೇ ಬೇಡವೆಂದು ಎದೆಯ ಮೇಲೆ ಕೈ ಇಡುತ್ತಾನೆ. ಕೊಡದೆ ಇಳಿದರೆ ಬೆನ್ನಟ್ಟಿ ಬರುತ್ತಾನೆ. ಬಾಗಿಲಲ್ಲಿ ಇಬ್ಬರು ದೊಡ್ಡ ಮನುಷ್ಯರು ಎದುರಾದರಂತೂ 'ನೀವು ಮೊದಲು, ನೀವು ಮೊದಲು' ಎನ್ನುವುದರಲ್ಲೇ ಹಿಂದೆ ನಿಂತವರ ಹೊಟ್ಟೆ ಚುರುಗುಟ್ಟುತ್ತದೆ. ತಾರೂಫ್ ಎಂಬ ಈ ಉಪಚಾರದಿಂದ ಮನುಷ್ಯನಿಗೆ ಬಿಡುಗಡೆ ಇರುವುದು ಎರಡೇ ಕಡೆ. ಒಂದು ತಾಯಿಯ ಮನೆ, ಇನ್ನೊಂದು ಮಲಗುವ ಕೋಣೆ.

ಗುಲ್ನಾರ್ ತೌಹೀದಿ ಕಾಮ್‌ಯಾರನ ತಾಯಿಯೂ ಅಲ್ಲ, ಅಕ್ಕತಂಗಿಯೂ ಅಲ್ಲ. ವಿಶ್ವವಿದ್ಯಾಲಯದ ಸಸ್ಯ ಔಷಧ ವಿಭಾಗದ ಮುಖ್ಯಸ್ಥೆ. ಮೊನ್ನೆ ತನ್ನದೇ ಪ್ರಯೋಗಾಲಯದಲ್ಲಿ ಇವನ ಜೊತೆ ಚಹಾ ಕುಡಿದವಳು, ಸಂಜೆಯಾಗುವಷ್ಟರಲ್ಲಿ ಕರುಳು ಕಿತ್ತು ಬರುವ ಹಾಗೆ ವಾಂತಿ ಮಾಡಿಕೊಂಡು ಕುಸಿದಿದ್ದಳು. ಈಗ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಳೆ. ರಕ್ತದಲ್ಲಿ ಸೂರಂಜಾನ್ ಎಂಬ ಹೂಗಿಡದ ವಿಷ ಸಿಕ್ಕಿತ್ತು. ಬಹಮನ್‌ನ ಒಳಜೇಬಿನಲ್ಲಿ ಸರ್ಕಾರಿ ವಕೀಲರು ಸಹಿ ಮಾಡಿದ ಬಂಧನದ ಆಜ್ಞೆಯಿತ್ತು, ಹೊರಜೇಬಿನಲ್ಲಿ ಕೋಳವಿತ್ತು. ಅವಳು ಸತ್ತರೆ ಎದುರಿಗಿರುವವನಿಗೆ ನೇಣು.

ಇವನೇ ಆಗಿರಲಪ್ಪಾ ದೇವರೇ ಎಂದು ಬಹಮನ್ ಬೆಳಗಿನಿಂದ ಬೇಡಿಕೊಳ್ಳುತ್ತಿದ್ದ. ಪೊಲೀಸಿನವನು ಹಾಗೆಲ್ಲ ಬೇಡಿಕೊಳ್ಳಬಾರದು ಎನ್ನುವುದೂ ಅವನಿಗೆ ಗೊತ್ತಿತ್ತು.

"ಒಳ್ಳೆ ಮನೆತನದ ಹೆಂಗಸು," ಎಂದ ಬಹಮನ್. "ಅದೂ ಅವರ ಕೋಣೇಲಿ, ಅವರೇ ಉಪಚಾರ ಮಾಡೋ ಜಾಗದಲ್ಲಿ. ಪರಗಂಡಸು ಲೋಟ ಮುಂದೆ ಮಾಡಿದ್ರೆ ತಟ್ಟನೆ ಎತ್ತಿಕೊಂಡ್ರು ಅಂತೀರಿ. ಒಂದೋ ನೀವು ಸುಳ್ಳು ಹೇಳ್ತಿದ್ದೀರಿ. ಇಲ್ಲಾಂದ್ರೆ ನೀವು ಪರಗಂಡಸಲ್ಲ."

ಅತಾಬಕಿ ಔಷಧ ಕಂಪನಿಯ ಅತಿಥಿಕೋಣೆಯ ಗೋಡೆಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಕಿಟಕಿಯ ಕೆಳಗೆ ಲಾರಿಯಿಂದ ಕೇಸರಿ ಹೂವಿನ ಎಸಳು ತುಂಬಿದ ಗೋಣಿಚೀಲಗಳನ್ನು ಇಳಿಸುತ್ತಿದ್ದರು. ಹೂವಿನೊಳಗಿನ ಕೆಂಪು ನೂಲುಗಳನ್ನು ಬಿಡಿಸಿಕೊಂಡು ರೈತರು ತಿಪ್ಪೆಗೆ ಎಸೆಯುತ್ತಿದ್ದ ಎಸಳು ಅದು. ಆ ಕಸದಲ್ಲಿ ಮನಸ್ಸಿನ ಭಾರ ಇಳಿಸುವ, ನಿದ್ದೆ ಬರಿಸುವ ಸತ್ವವಿದೆ ಎಂದು ಗುಲ್ನಾರ್ ವರ್ಷಗಟ್ಟಲೆ ಕಣ್ಣು ಸವೆಸಿ ಕಂಡುಹಿಡಿದಿದ್ದಳು. ವಿಶ್ವವಿದ್ಯಾಲಯದ ವಿದ್ಯೆ, ಕಂಪನಿಯ ಯಂತ್ರ, ಇಬ್ಬರೂ ಸೇರಿ ಎಸಳಿನ ಗುಳಿಗೆ ಮಾರುವುದೆಂದು ಮಾತಾಗಿತ್ತು. ಒಪ್ಪಂದಕ್ಕೆ ಸಹಿ ಹಾಕುವುದೊಂದೇ ಬಾಕಿ. ಸಹಿ ಹಾಕುವುದಿಲ್ಲ ಎಂದು ಗುಲ್ನಾರ್ ಹಟ ಹಿಡಿದಿದ್ದಳು.

ಕಾಮ್‌ಯಾರ್ ಕೊರಳಪಟ್ಟಿ ಸಡಿಲಿಸಿದ.

"ಈ ಮಾತು ಈ ಕೋಣೆ ದಾಟಬಾರದು ಜನಾಬ್."

"ದಾಟೋದೂ ದಾಟದೇ ಇರೋದೂ ಅದು ಎಂಥ ಮಾತು ಅನ್ನೋದರ ಮೇಲೆ ಹೋಗುತ್ತೆ."

"ಅವಳು ನನ್ನ ಹೆಂಡತಿ."

ಲಾರಿಯ ಕಡೆಯಿಂದ ಯಾರೋ ಯಾರಿಗೋ ಬೈದರು.

"ಸೀಘೆ," ಎಂದ ಕಾಮ್‌ಯಾರ್ ದನಿ ತಗ್ಗಿಸಿ. "ಗಡುವಿನ ಮದುವೆ. ಹೊಸವರ್ಷ ಕಳೆದ ಮೇಲೆ ಮುಲ್ಲಾ ಹತ್ರ ಹೋಗಿ ಓದಿಸಿಕೊಂಡ್ವಿ. ಯಾರಿಗೂ ಗೊತ್ತಿಲ್ಲ. ಕಂಪನಿಯವನ ಹೆಂಡತೀನೇ ಕಂಪನಿ ಔಷಧಿ ಪರೀಕ್ಷೆ ಮಾಡಿ 'ಚೆನ್ನಾಗಿದೆ' ಅಂದ್ರೆ ವಿಶ್ವವಿದ್ಯಾಲಯದವರು ಬಿಡ್ತಾರಾ? ಅದಕ್ಕೆ ಮುಚ್ಚಿಟ್ವಿ."

ಬಹಮನ್‌ಗೆ ಕಿವಿಯ ಹತ್ತಿರ ಕಾದ ಬಾಣಲೆ ಹಿಡಿದ ಹಾಗಾಯಿತು. ಹೊಟ್ಟೆಕಿಚ್ಚು ಎಂಬ ಮಾತನ್ನು ಮಾಡಿದವನು ಪುಣ್ಯಾತ್ಮ. ಅದು ನಿಜವಾಗಿಯೂ ಹೊಟ್ಟೆಯಲ್ಲೇ ಹತ್ತಿಕೊಳ್ಳುತ್ತದೆ.

ಬಹಳ ವರ್ಷಗಳ ಹಿಂದೆ, ಹೆಗಲ ಮೇಲೆ ಮೊದಲ ನಕ್ಷತ್ರ ಏರಿಸಿಕೊಂಡಿದ್ದಾಗ, ಅವನೂ ಈ ಗುಲ್ನಾರಳನ್ನು ಕೇಳಲು ತಾಯಿಯ ಜೊತೆ ಹೂಗುಚ್ಛ ಹಿಡಿದು ಹೋಗಿದ್ದ. ಅವಳೇ ಚಹಾ ತಂದಳು. ಅವನು ಬೇಡ ಎಂದ, ಅವಳು ತಟ್ಟೆ ಹಿಡಿದೇ ನಿಂತಳು, ಅವನು ಮತ್ತೆ ಬೇಡ ಎಂದ. ಮೂರನೆಯ ಸಲ ಕೈ ಚಾಚಿದರೆ ಲೋಟ ವಾಲಿ ಚಹಾ ಪ್ಯಾಂಟಿನ ಮೇಲೆ ಚೆಲ್ಲಿತು. ಅವಳು ಸಣ್ಣಗೆ ನಕ್ಕಳು. ಪೊಲೀಸಿನವರಿಗೆ ಹೆಣ್ಣು ಕೊಡುವ ಪದ್ಧತಿ ತಮ್ಮಲ್ಲಿಲ್ಲ ಎಂದು ಅವಳಪ್ಪ ಒಂದು ವಾರ ಬಿಟ್ಟು ಹೇಳಿ ಕಳಿಸಿದ. ಅವಳನ್ನು ಒಬ್ಬ ಡಾಕ್ಟರಿಗೆ ಕೊಟ್ಟರು. ಬಹಮನ್ ಆಮೇಲೆ ಮದುವೆಯೇ ಆಗಲಿಲ್ಲ. ತಾಯಿ ಬೈದು ಬೈದು ಸೋತಳು. ಆ ಡಾಕ್ಟರು ತೀರಿಕೊಂಡಾಗ, ಸೂತಕದ ವರ್ಷ ಕಳೆಯಲಿ, ಜನರ ಬಾಯಿ ತಣ್ಣಗಾಗಲಿ, ಆಮೇಲೆ ಕೇಳೋಣ ಎಂದು ಮರ್ಯಾದೆಯಿಂದ ಕಾದ. ಮರ್ಯಾದಸ್ಥ ಕಾಯುತ್ತಾ ಕೂತಾಗ ಮರ್ಯಾದೆಗೆಟ್ಟವನು ಊಟ ಮುಗಿಸಿ ಕೈ ತೊಳೆದಿರುತ್ತಾನೆ.

ಆ ಕೈ ತೊಳೆದವನು ಈಗ ಎದುರಿಗೆ ಕೂತಿದ್ದ. ಇಸ್ತ್ರಿ ಕೆಡದ ಅಂಗಿ, ಟ್ರಿಮ್ ಮಾಡಿದ ಗಡ್ಡ, ಮೈಯಿಂದ ಗುಲಾಬಿನೀರಿನ ವಾಸನೆ.

"ಎಷ್ಟು ಗಡುವು?" ಬಹಮನ್‌ನ ದನಿ ಅವನಿಗೇ ಒರಟಾಗಿ ಕೇಳಿಸಿತು.

"ಈ ತಿಂಗಳ ಕೊನೆಗೆ ಮುಗಿಯುತ್ತೆ."

"ಆಮೇಲೆ?"

ಕಾಮ್‌ಯಾರ್ ಉಗುರು ನೋಡಿಕೊಂಡ. "ಖಾಯಂ ಮಾಡಿಕೊಳ್ಳೋಣ ಅಂತ ಅವಳು ಹಟ ಹಿಡಿದಿದ್ಳು. ಸಹಿ ಆಗ್ಲಿ, ಗುಳಿಗೆ ಅಂಗಡಿಗೆ ಬರ್ಲಿ, ನೋಡೋಣ ಅಂದಿದ್ದೆ."

"ನೋಡೋಣ ಅಂದ್ರೆ ಇಲ್ಲ ಅಂತ. ನಮ್ಮೂರಲ್ಲಿ ಹಾಗೇ ಅರ್ಥ."

"ನೀವು ಮದುವೆಯಾಗಿದ್ದೀರಾ ಜನಾಬ್?"

"ಪ್ರಶ್ನೆ ಕೇಳೋನು ನಾನು."

ಮೇಜಿನ ಮೇಲೆ ಗುಳಿಗೆಯ ಮಾದರಿ ಡಬ್ಬಿಯೊಂದಿತ್ತು. ನೇರಳೆ ಬಣ್ಣ, ಹೊಳೆಯುವ ಅಕ್ಷರ. ಬಹಮನ್ ಅದನ್ನು ಕೈಗೆತ್ತಿಕೊಂಡ. ಡಬ್ಬಿಯ ಮೇಲೆ ಬಿಳಿ ಕೋಟು ತೊಟ್ಟ ಹೆಂಗಸೊಬ್ಬಳು ಹಲ್ಲು ಕಾಣುವಂತೆ ನಗುತ್ತಿದ್ದಳು. ವಯಸ್ಸು ಚಿಕ್ಕದು, ಹುಬ್ಬು ತಿದ್ದಿದ್ದು. ಅವಳು ಗುಲ್ನಾರ್ ಅಲ್ಲ.

"ಇದ್ಯಾರು?"

"ಡಾಕ್ಟರ್ ಷೋಹ್ರೆ ವಜೀರಿ. ತೆಹರಾನಿನವರು. ಟೀವೀಲಿ ಆರೋಗ್ಯದ ಕಾರ್ಯಕ್ರಮ ಕೊಡ್ತಾರಲ್ಲ. ಬೆಳಿಗ್ಗೆ ಫೋನಲ್ಲಿ ಅವರ ಹೇಳಿಕೆ ನೀವೇ ತಗೊಂಡ್ರಂತೆ."

"ಎಸಳಿನ ಮೇಲೆ ಕೆಲಸ ಮಾಡಿದ್ದು ಇವರಾ?"

"ಮಾಡಿದ್ದು ಗುಲ್ನಾರ್. ಆದ್ರೆ ಗುಲ್ನಾರ್ ಮುಖ ನೋಡಿ ತೆಹರಾನಲ್ಲಿ ಯಾರು ಡಬ್ಬಿ ತಗೋತಾರೆ? ವ್ಯಾಪಾರ ಅಂದ್ಮೇಲೆ ವ್ಯಾಪಾರ. ಹೆಸರೂ ಷೋಹ್ರೆದೇ ಮೇಲೆ ಹಾಕೋದು ಅಂತ ಕಂಪನಿ ನಡೆಸೋ ನಮ್ಮಣ್ಣ ಹೇಳ್ದ. ಕೆಳಗೆ ಸಣ್ಣಕ್ಷರದಲ್ಲಿ 'ವಿಶ್ವವಿದ್ಯಾಲಯದ ಸಹಯೋಗ' ಅಂತ ಇದೆ ನೋಡಿ."

ಆ ಸಾಲು ಓದಲು ಬಹಮನ್ ಕನ್ನಡಕ ಹುಡುಕಬೇಕಾಯಿತು.

"ಇದನ್ನ ಗುಲ್ನಾರ್ ನೋಡಿದ್ರಾ?"

"ಹಿಂದಿನ ದಿನ ನಾನೇ ತೋರಿಸ್ದೆ. ನಕ್ಕಳು. 'ಫೋಟೋ ಚೆನ್ನಾಗಿ ಬಂದಿದೆ, ನೀನೇ ತೆಗೆದಿದ್ದಾ?' ಅಂದ್ಳು."

"ನೀವೇ ತೆಗೆದಿದ್ದಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ, ಕಾಮ್‌ಯಾರನ ಕೈ ತಾನಾಗಿಯೇ ಫೋನಿನ ಮೇಲೆ ಹೋಗಿ ಅದನ್ನು ಬೋರಲು ಹಾಕಿತು.

"ಅವರು ಸಹಿ ಹಾಕದೇ ಇದ್ದದ್ದು ನಿಮ್ಮ ಕಂಪನಿ ಸುಳ್ಳು ಬರೆಸ್ತಿದೆ ಅಂತ," ಎಂದ ಬಹಮನ್. ಊರೆಲ್ಲ ಹಾಗೇ ಮಾತಾಡುತ್ತಿತ್ತು. ಅವನೂ ಆ ಮಾತನ್ನು ಎದೆಗವಚಿಕೊಂಡಿದ್ದ. "ನಿದ್ದೆ ಬರಿಸೋ ಗುಳಿಗೆಗೆ 'ಖಿನ್ನತೆ ವಾಸಿ' ಅಂತ ಹಾಕಿದ್ದೀರಿ. ಅವರು ಒಪ್ಪಲಿಲ್ಲ."

ಕಾಮ್‌ಯಾರ್ ಜೋರಾಗಿ ನಕ್ಕೇಬಿಟ್ಟ. "ಅದನ್ನ ಬರೆದಿದ್ದೇ ಗುಲ್ನಾರ್! ನಮ್ಮ ವಕೀಲ ಬೇಡ ಅಂದ, ಇವಳೇ 'ಇರ್ಲಿ, ಯಾರು ಕೇಳ್ತಾರೆ' ಅಂದ್ಳು. ಅವಳು ಸಹಿ ಹಾಕದೇ ಇದ್ದದ್ದು ಈ ಮುಖಕ್ಕೆ ಜನಾಬ್." ಡಬ್ಬಿಯ ಮೇಲಿನ ಹಲ್ಲುಗಳನ್ನು ಬೆರಳಿನಿಂದ ತಟ್ಟಿದ. "ಪ್ರಾಮಾಣಿಕತೆ ಅಂತೆ. ಹೆಂಗಸಿನ ಹೊಟ್ಟೆಕಿಚ್ಚಿಗೆ ನೀವು ಗಂಧ ಹಚ್ಚಿ ಪೂಜೆ ಮಾಡ್ತಿದ್ದೀರಿ."

ಇವನ ದವಡೆಗೆ ಒಂದು ಬಿಟ್ಟರೆ ಹೇಗಿರುತ್ತದೆ ಎಂದು ಬಹಮನ್ ಯೋಚಿಸಿದ. ಬಿಡಲಿಲ್ಲ. ಬೆರಳುಗಳನ್ನು ಮಡಿಸಿ ಮೊಣಕಾಲಿನ ಮೇಲಿಟ್ಟುಕೊಂಡ.

"ವಿಷದ ವಿಷಯಕ್ಕೆ ಬರೋಣ. ಸೂರಂಜಾನ್ ಹೂವು ನೋಡೋಕೆ ಕೇಸರಿ ಹೂವಿನ ಹಾಗೇ. ರೈತರ ಎಸಳಿನ ಜೊತೆ ಅದೇನಾದ್ರೂ ಬೆರೆತು ಬಂದ್ರೆ ಗೊತ್ತಾಗ್ಲಿ ಅಂತ ಅದರ ಸಾರ ಲ್ಯಾಬಿನ ಬೀರುವಿನಲ್ಲಿ ಇಟ್ಟಿದ್ರು. ಆ ಬೀರುವಿಗೆ ಕೀಲಿಕೈ ಎರಡೇ."

"ಒಂದು ಗುಲ್ನಾರ್ ಹತ್ರ, ಒಂದು ನನ್ನ ಹತ್ರ. ಜಂಟಿ ಲ್ಯಾಬು, ಅದಕ್ಕೆ ಜಂಟಿ ಬೀಗ. ಅದನ್ನ ನಾನೇ ಮೊದಲ ದಿನ ಹೇಳಿದ್ದೀನಿ."

"ಶೀಶೆಯಲ್ಲಿ ಸಾರ ಕಮ್ಮಿಯಾಗಿದೆ. ಚಹಾ ಬಂದ ಕೆಟಲು ಚೊಕ್ಕ. ಅದೇ ಕೆಟಲಿನ ಚಹಾ ಇಡೀ ವಿಭಾಗ ಕುಡಿದಿದೆ. ತಟ್ಟೆ ನೀವಿಬ್ಬರಿದ್ದ ಕೋಣೆಗೆ ಬಂದ ಮೇಲೇ ಒಂದು ಲೋಟಕ್ಕೆ ವಿಷ ಬಿದ್ದಿದೆ. ಈಗ ಆ ತಟ್ಟೆ ಕತೆ ಇನ್ನೊಂದು ಸಲ ಹೇಳಿ. ಏನೂ ಬಿಡಬೇಡಿ."

ಕಾಮ್‌ಯಾರ್ ನಿಟ್ಟುಸಿರು ಬಿಟ್ಟ. ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದ.

"ಚಹಾ ಕೊಡೋ ಮಷ್ ಯದುಲ್ಲಾ ಬಾಗಿಲಿಗೆ ಬಂದ. ಗುಲ್ನಾರ್ ಅಲ್ಲೇ ತಟ್ಟೆ ಇಸ್ಕೊಂಡ್ಳು. ನಾನು ಕಿಟಕಿ ಹತ್ರ ಷೋಹ್ರೆ ಜೊತೆ ಫೋನಲ್ಲಿದ್ದೆ, ವಿಡಿಯೋದಲ್ಲಿ. ಗುಲ್ನಾರ್ ಬೆನ್ನು ನನ್ನ ಕಡೆ. ಬೀರು ಪಕ್ಕ ಸ್ವಲ್ಪ ಹೊತ್ತು ನಿಂತಿದ್ದು ತಟ್ಟೆ ತಂದು ಮೇಜಿನ ಮೇಲಿಟ್ಳು. 'ಕುಡಿ, ಆರಿಹೋಗುತ್ತೆ' ಅಂದ್ಳು. ಕಲ್ಲುಸಕ್ಕರೆ ಮರೆತೆ ಅಂತ ಮತ್ತೆ ಹೋದ್ಳು."

"ಆಗ ನೀವು?"

"ನನ್ನ ಕಡೆಯ ಲೋಟ ತುಸು ತುಂಬಿತ್ತು, ಅವಳದು ಸ್ವಲ್ಪ ಕಮ್ಮಿ. ತುಂಬಿದ್ದು ಅವಳಿಗಿರ್ಲಿ ಅಂತ ತಟ್ಟೆ ತಿರುಗಿಸಿಬಿಟ್ಟೆ."

ಬಹಮನ್‌ನ ಬೆನ್ನು ನೆಟ್ಟಗಾಯಿತು.

"ತಟ್ಟೆ ತಿರುಗಿಸಿದ್ರಿ."

"ಹೂಂ. ಒಳ್ಳೇದನ್ನ ಎದುರಿನವರಿಗೆ ಕೊಡೋದು ಅಂತ ನಮ್ಮಮ್ಮ ಕಲಿಸಿದ್ದು. ಹೆಂಡತಿಗೆ ಮಾಡಬಾರದಾ?"

ಸಿಕ್ಕಿದ! ತಟ್ಟೆ ತಿರುಗಿಸಿದವನು ತಾನೇ ಒಪ್ಪಿಕೊಂಡಿದ್ದಾನೆ. ವಿಷದ ಲೋಟ ಅವಳ ಕಡೆಗೆ ಹೋದದ್ದು ಇವನ ಕೈಯಿಂದ. ಗಡುವಿನ ಹೆಂಡತಿ ಖಾಯಂ ಆಗಬೇಕೆಂದು ಹಟ ಹಿಡಿದಿದ್ದಾಳೆ, ಸಹಿ ಹಾಕುವುದಿಲ್ಲ ಎನ್ನುತ್ತಿದ್ದಾಳೆ, ತೆಹರಾನಿನಲ್ಲಿ ಹುಬ್ಬು ತಿದ್ದಿದ ಇನ್ನೊಬ್ಬಳು ಕಾಯುತ್ತಿದ್ದಾಳೆ. ಇನ್ನೇನು ಬೇಕು? ಅವನ ಕೈ ಕೋಳವಿದ್ದ ಜೇಬಿಗೆ ಹೋಯಿತು.

"ನೀನೇ ಹಾಕಿದೆ," ಎಂದ. ಬಹುವಚನ ಎಲ್ಲಿ ಉದುರಿತೋ ಅವನಿಗೇ ತಿಳಿಯಲಿಲ್ಲ. "ಅವಳು ಕಲ್ಲುಸಕ್ಕರೆಗೆ ಹೋದಾಗ ಹಾಕಿ, ತಟ್ಟೆ ತಿರುಗಿಸಿದೆ."

"ಯಾವ ಕೈಲಿ ಜನಾಬ್?" ಕಾಮ್‌ಯಾರ್‌ಗೆ ಈಗ ಸಿಟ್ಟು ಬಂದಿತ್ತು. "ಒಂದು ಕೈಲಿ ಫೋನು, ಒಂದು ಕೈಲಿ ತಟ್ಟೆ. ಷೋಹ್ರೆ ನೋಡ್ತಾನೇ ಇದ್ರು. ತಟ್ಟೆ ತಿರುಗಿಸಿದ್ದಕ್ಕೆ ಗೇಲಿ ಬೇರೆ ಮಾಡಿದ್ರು. ಅವರನ್ನೇ ಕೇಳಿ."

ಕೇಳುವ ಅಗತ್ಯವಿರಲಿಲ್ಲ. ಬೆಳಿಗ್ಗೆ ಷೋಹ್ರೆ ಅದನ್ನು ಹೇಳಿಯೇ ಹೇಳಿದ್ದಳು. 'ಮಶ್‌ಹದಿನ ಗಂಡಸರ ಉಪಚಾರ ನೋಡಿ ನಗು ಬಂತು. ಫೋನನ್ನ ತಟ್ಟೆ ಮೇಲೇ ಹಿಡ್ಕೊಂಡು ತಿರುಗಿಸಿದ್ರು, ಎರಡು ಲೋಟವೂ ಕಾಣ್ತಿತ್ತು, ಚಹಾ ಒಂದು ತೊಟ್ಟೂ ಚೆಲ್ಲಲಿಲ್ಲ.' ಬಹಮನ್ ಅದನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಕಂಪನಿಯ ಕಡೆಯವಳು ಕಂಪನಿಯವನ ಪರ ಹೇಳದೆ ಇನ್ನೇನು ಹೇಳುತ್ತಾಳೆ ಎಂದುಕೊಂಡಿದ್ದ. ಆದರೆ ಬೆಳಿಗ್ಗೆ ಹೇಳಿಕೆ ಕೊಟ್ಟಾಗ ವಿಷ ಚಹಾದಲ್ಲಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ. ಪೊಲೀಸರು ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

ಕೈ ಜೇಬಿನಲ್ಲೇ ನಿಂತಿತು.

"ಅವರು ವಾಪಸ್ ಬಂದ್ರು," ಎಂದ ಬಹಮನ್ ನಿಧಾನವಾಗಿ. "ತಟ್ಟೆ ನೋಡಿದ್ರಾ?"

"ತಟ್ಟೆ ಎಲ್ಲಿ ನೋಡ್ತಾಳೆ? ನನ್ನ ಮುಖಾನೇ ನೋಡ್ತಿದ್ಳು. ಫೋನಿಂದ ಷೋಹ್ರೆ ನಗು ಬೇರೆ ಕೇಳ್ತಿತ್ತು. ನಾನು 'ತಗೋ' ಅಂತ ಅವಳ ಕಡೆ ಲೋಟ ತೋರಿಸ್ದೆ. ಎಲ್ಲಿ ಬಿಟ್ಟರೆ ಹೋಗುತ್ತೋ ಅನ್ನೋ ಹಾಗೆ ಎತ್ತಿಕೊಂಡು ಕುಡಿದ್ಳು. 'ನೀನೂ ಪೂರ್ತಿ ಕುಡಿ' ಅಂತ ನನಗೂ ಒತ್ತಾಯ ಮಾಡಿದ್ಳು." ಕಾಮ್‌ಯಾರ್ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. "ಕುಡಿದು ಮುಗಿಸೋವರೆಗೂ ನನ್ನೇ ನೋಡ್ತಾ ಕೂತಿದ್ಳು ಜನಾಬ್. ಅಷ್ಟು ಪ್ರೀತಿ."

ಅಷ್ಟು ಪ್ರೀತಿ. ಬಹಮನ್ ಎದ್ದು ಕಿಟಕಿಯ ಹತ್ತಿರ ಹೋದ.

ಬೇಡವೆನ್ನದೆ ಯಾಕೆ ಎತ್ತಿಕೊಂಡಳು ಎಂದು ಅವನು ಕೇಳಿದ್ದ. ಸಲಿಗೆ ಎಂದುಕೊಂಡು ಹೊಟ್ಟೆ ಉರಿಸಿಕೊಂಡಿದ್ದ. ಸಲಿಗೆಯೇನೋ ನಿಜ. ಆದರೆ 'ನೀವು ಮೊದಲು, ನೀವು ಮೊದಲು' ಎಂದು ಆಟ ಶುರುವಾದರೆ ಲೋಟಗಳು ಅದಲುಬದಲಾಗುತ್ತವೆ. ತನ್ನ ಕಡೆಯ ಲೋಟ ತನಗೇ ಬೇಕಾದವಳು ಆ ಆಟಕ್ಕೆ ಇಳಿಯುವುದಿಲ್ಲ. ಥಟ್ಟನೆ ಎತ್ತಿಕೊಳ್ಳುತ್ತಾಳೆ. ಅತಿಥಿಯ ಕಡೆಗಿಟ್ಟ ಲೋಟವನ್ನು ಅತಿಥಿ ಆಗಲೇ ಉಪಚಾರಕ್ಕೆಂದು ತಿರುಗಿಸಿಬಿಟ್ಟಿದ್ದಾನೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಕೀಲಿಕೈ ಎರಡೇ. ಬೀರುವಿನ ಪಕ್ಕ ತಟ್ಟೆ ಹಿಡಿದು ನಿಂತವಳು ಒಬ್ಬಳೇ.

ಬೇಡ, ಬೇಡ ಎಂದಿತು ಬಹಮನ್‌ನ ಮನಸ್ಸು. ಇಷ್ಟು ವರ್ಷ ಕೆಲಸ ಮಾಡಿದ ತಲೆ ಮಾತ್ರ ಮನಸ್ಸಿನ ಮಾತು ಕೇಳಲಿಲ್ಲ. ಗುಲ್ನಾರ್ ಈ ಮನುಷ್ಯನನ್ನು ಕೊಲ್ಲಲು ಹೊರಟಿದ್ದಳು. ಇನ್ನೊಬ್ಬಳಿಗೆ ಬಿಟ್ಟುಕೊಡುವುದಕ್ಕಿಂತ ಸತ್ತರೇ ವಾಸಿ ಎನ್ನುವಷ್ಟು ಅವಳಿಗೆ ಇವನು ಬೇಕಾಗಿದ್ದ. ತನಗಾಗಿ ಅವಳು ಒಂದು ಹನಿ ಕಣ್ಣೀರು ಸುರಿಸಿರಲಿಲ್ಲ. ಚಹಾ ಚೆಲ್ಲಿದ್ದಕ್ಕೆ ನಕ್ಕಿದ್ದಳು. ಇವನಿಗಾಗಿ ವಿಷದ ಶೀಶೆ ತೆಗೆದಿದ್ದಳು. ಅದನ್ನು ನೆನೆದು, ಕೊಲೆಗಡುಕಿಯ ಮೇಲೆ ಸಿಟ್ಟು ಬರುವ ಬದಲು, ಕೊಲೆಯಾಗಬೇಕಿದ್ದವನ ಮೇಲೆ ಅವನಿಗೆ ಅಸೂಯೆಯಾಯಿತು. ತನ್ನ ಮೇಲೆ ತನಗೇ ಹೇಸಿಗೆಯೂ ಆಯಿತು.

ಫೋನು ಹೊಡೆದುಕೊಂಡಿತು. ಆಸ್ಪತ್ರೆಯಲ್ಲಿ ಕಾವಲಿಗಿಟ್ಟಿದ್ದ ಎಸ್‌ಐ ನಸ್ತರನ್.

"ಸರ್, ಡಾಕ್ಟರಮ್ಮ ಕಣ್ಣು ಬಿಟ್ಟಿದ್ದಾರೆ. ಮಾತಾಡ್ತಿದ್ದಾರೆ. ಬದುಕ್ತಾರೆ ಅಂತಿದ್ದಾರೆ ಡಾಕ್ಟರುಗಳು."

ಬಹಮನ್ ಗೋಡೆಗೆ ಕೈಯಾನಿಸಿದ. "ಏನಂತಾರೆ?"

"ಯಾರು ಮಾಡಿದ್ದು ಅಂತ ಕೇಳ್ದೆ. 'ಕಾಮ್‌ಯಾರ್' ಅಂದ್ರು. 'ಅವನೇ ನನ್ನ ಲೋಟಕ್ಕೆ ಹಾಕಿದ, ಕಣ್ಣಾರೆ ಕಂಡೆ' ಅಂದ್ರು. ಸರ್ಕಾರಿ ವಕೀಲರು ದಾರೀಲಿದ್ದಾರೆ, ಬಂದ್ಮೇಲೆ ಅವರ ಮುಂದೆ ಹೇಳಿಸ್ತೀನಿ." ನಸ್ತರನ್ ಅಲ್ಲಿಗೇ ಬಿಡಲಿಲ್ಲ. ಚುರುಕು ಹುಡುಗಿ, ಬಹಮನ್ ತಾನೇ ಆರಿಸಿ ತಂದಿದ್ದವಳು. "ಆದ್ರೆ ಸರ್, ಒಂದು ಮಾತು. ಅವನು ವಿಷ ಹಾಕಿದ್ದನ್ನ ಕಣ್ಣಾರೆ ಕಂಡವರು ಯಾಕೆ ಕುಡಿದ್ರು? ಕೇಳ್ಲಾ?"

ಕೆಳಗೆ ಒಂದು ಚೀಲ ಹರಿದು ನೇರಳೆ ಎಸಳೆಲ್ಲ ಅಂಗಳಕ್ಕೆ ಚೆಲ್ಲಿತ್ತು. ಆಳುಗಳು ಒಬ್ಬರಿಗೊಬ್ಬರು ಬೈದುಕೊಂಡು ಗುಡಿಸುತ್ತಿದ್ದರು.

"ಸರ್? ಕೇಳ್ಲಾ?"

"ಬೇಡ," ಎಂದ ಬಹಮನ್. "ಸುಸ್ತಾಗಿದ್ದಾರೆ. ಇನ್ನೇನೂ ಕೇಳಬೇಡ."

ಫೋನು ಇಟ್ಟು ತಿರುಗಿದ. ಕಾಮ್‌ಯಾರ್ ಎದ್ದು ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ಆಸ್ಪತ್ರೆಯಿಂದ ಅಲ್ವಾ? ಬದುಕಿದ್ದಾಳಾ?"

"ಬದುಕಿದ್ದಾಳೆ. ಮಾತಾಡ್ತಿದ್ದಾಳೆ."

"ಏನಂದ್ಳು? ಜನಾಬ್, ನಿಮ್ಮ ಕಾಲಿಗೆ ಬೀಳ್ತೀನಿ, ಏನಂದ್ಳು ಹೇಳಿ."

"ನಿನ್ನ ಹೆಸರು ಹೇಳಿದ್ಳು."

ಕಾಮ್‌ಯಾರ್ ಕುರ್ಚಿಯ ಬೆನ್ನು ಹಿಡಿದು ಬಿಕ್ಕಿ ಬಿಕ್ಕಿ ಅತ್ತ. ಆ ಇಸ್ತ್ರಿ ಅಂಗಿಯ ತೋಳಿನಿಂದಲೇ ಮೂಗು ಒರೆಸಿಕೊಂಡ.

"ನನಗೆ ಗೊತ್ತಿತ್ತು. ಕಣ್ಣು ಬಿಟ್ಟ ತಕ್ಷಣ ನನ್ನನ್ನೇ ಕೇಳ್ತಾಳೆ ಅಂತ ಗೊತ್ತಿತ್ತು. ಆ ಡಬ್ಬಿ ಸುಟ್ಟುಹಾಕ್ತೀನಿ ಜನಾಬ್, ಅಣ್ಣ ಏನಾದ್ರೂ ಅಂದ್ಕೊಳ್ಲಿ. ಖಾಯಂ ಮದುವೇನೂ ಮಾಡ್ಕೋತೀನಿ. ನಡೀರಿ, ಹೋಗೋಣ. ಕಾಯ್ತಿದ್ದಾಳೆ."

ಎಲ್ಲ ತಿಳಿದ ಮೇಲೂ ಬಹಮನ್‌ನ ಹೊಟ್ಟೆಯಲ್ಲಿ ಬೆಂಕಿ ಆರಲಿಲ್ಲ. ಆ ಹೆಸರು ಅವಳ ಬಾಯಲ್ಲಿ ಹೇಗೆ ಬಂದಿದ್ದರೂ, ಬಂದದ್ದು ಇವನ ಹೆಸರು. ಅವನು ಜೇಬಿನಿಂದ ಕೈ ತೆಗೆದ; ಮುಷ್ಟಿಯಲ್ಲಿ ಕೋಳ ತಣ್ಣಗಿತ್ತು.

"ಕೈ ಕೊಡು," ಎಂದ.

ಪೊಲೀಸಿನವನು ಅಭಿನಂದಿಸುತ್ತಿದ್ದಾನೆಂದು ತಿಳಿದು, ಕಾಮ್‌ಯಾರ್ ಅಳುತ್ತಲೇ ನಕ್ಕು ಎರಡೂ ಕೈಗಳನ್ನು ಮುಂದೆ ಚಾಚಿದ.